ಯಾವ ಹೊಸದುರ್ಗ?

ಹಿರಿಯೂರಿನ ಬಸ್ ಸ್ಟ್ಯಾಂಡಿನಲ್ಲಿ ನಿಂತು "ಹೊಸದುರ್ಗದ ಬಸ್ಸು ಎಷ್ಟೊತ್ತಿಗೆ?" ಎಂದು ಕೇಳಿದರೆ ಯಾರೂ "ಯಾವ ಹೊಸದುರ್ಗ?" ಎಂದು ಮರುಪ್ರಶ್ನೆ ಹಾಕುವುದಿಲ್ಲ. ಅದೇ ಮಾತನ್ನು ಕಾಸರಗೋಡಿನ ಕಡೆಯವರ ಹತ್ತಿರ ಆಡಿದರೆ ಅವರು ದಕ್ಷಿಣಕ್ಕೆ ಕೈ ತೋರಿಸುತ್ತಾರೆ. ಅಲ್ಲೂ ಒಂದು ಹೊಸದುರ್ಗ ಇದೆ. ಕೆಳದಿಯ ಸೋಮಶೇಖರ ನಾಯಕ ಕಟ್ಟಿಸಿದ ಕೋಟೆ, ಅದರ ಮಗ್ಗುಲಲ್ಲೇ ನಿತ್ಯಾನಂದಾಶ್ರಮ, ಇಡೀ ತಾಲ್ಲೂಕಿಗೇ ಆ ಹೆಸರು. ಪೇಟೆಯನ್ನು ಈಗ ಜನ ಹೆಚ್ಚಾಗಿ ಕಾಞಂಗಾಡು ಎನ್ನುತ್ತಾರೆ, ಆದರೆ ತಾಲ್ಲೂಕು ಕಚೇರಿಯ ಕಾಗದದಲ್ಲಿ ಹೊಸದುರ್ಗ ಇನ್ನೂ ಉಳಿದಿದೆ. ನಮ್ಮದು ಚಿತ್ರದುರ್ಗ ಜಿಲ್ಲೆಯದು: ತೆಂಗು, ಗುಡ್ಡದ ಮೇಲೆ ಸಾಲುಗಟ್ಟಿದ ಗಾಳಿಯಂತ್ರ, ಕೆಳಗೆ ವೇದಾವತಿ. ಅವರದಕ್ಕೆ ಸಮುದ್ರ ಹತ್ತಿರ. ಎರಡೂ ಕಡೆ ಜನ ತಮ್ಮೂರನ್ನು ಒಂದೇ ಹೆಸರಿನಿಂದ ಕರೆದುಕೊಂಡು ಯಾವ ತೊಡಕೂ ಇಲ್ಲದೆ ಬದುಕಿದ್ದಾರೆ. ಏಕೆಂದರೆ ಮಾತಿನಲ್ಲಿ ಬಿಟ್ಟುಹೋದ ಭಾಗವನ್ನು ಕೇಳುವವನು ನಿಂತ ಜಾಗವೇ ತುಂಬಿಕೊಡುತ್ತದೆ.

ತೊಡಕು ಶುರುವಾಗುವುದು ಕಾಗದ ಊರು ಬಿಟ್ಟು ಹೊರಟಾಗ. ದೂರದಿಂದ ಬರುವ ಪತ್ರದ ಮೇಲೆ ಬರೀ ಹೊಸದುರ್ಗ ಎಂದಿದ್ದರೆ ಅಂಚೆಯವರಿಗೆ ದಿಕ್ಕು ತೋಚುವುದಿಲ್ಲ. 1972ರ ಆಗಸ್ಟ್ 15ರಂದು ಶ್ರೀರಾಮ ಭಿಕಾಜಿ ವೇಲಣಕರ್ ಅವರು ರೂಪಿಸಿದ ಪಿನ್ ಕೋಡ್ ಜಾರಿಗೆ ಬಂದದ್ದು ಇಂಥ ಗೊಂದಲಕ್ಕಾಗಿಯೇ. ಒಂದೇ ಹೆಸರಿನ ಊರುಗಳು, ನಾನಾ ಲಿಪಿಗಳು, ನಾನಾ ಕೈಬರಹಗಳ ನಡುವೆ ಆರು ಅಂಕಿ ಊರನ್ನು ಗುರುತಿಸುತ್ತವೆ. ನಮ್ಮದು 577527, ಅವರದು 671315. ಮೊದಲ ಅಂಕಿ ನೋಡಿದರೇ ಸಾಕು, 5 ಎಂದರೆ ಕರ್ನಾಟಕ, ಆಂಧ್ರ, ತೆಲಂಗಾಣದ ಕಡೆ. 6 ಎಂದರೆ ಕೇರಳ, ತಮಿಳುನಾಡಿನ ಕಡೆ. ಇನ್ನು ರೈಲಿನಲ್ಲಿ ಬರುವವರಿಗೆ ಹೊಸದುರ್ಗ ರೋಡ್ ಎಂಬ ಸ್ಟೇಷನ್ ಇದೆ, ಬೀರೂರು–ಚಿಕ್ಕಜಾಜೂರು ಮಾರ್ಗದಲ್ಲಿ. ಅಲ್ಲಿ ಇಳಿದವರಿಗೆ ಊರು ಕಾಣುವುದಿಲ್ಲ, ಇನ್ನೂ ರಸ್ತೆಯ ದಾರಿ ಉಳಿದಿರುತ್ತದೆ. ಹೊಸದುರ್ಗಕ್ಕೆ ಹೋಗುವ ರಸ್ತೆ ಇಲ್ಲಿಂದ ಹೊರಡುತ್ತದೆ ಎಂದಷ್ಟೇ ಆ ಫಲಕ ಹೇಳುತ್ತಿದೆ.

ಇಷ್ಟೆಲ್ಲ ಊರಿನ ಮಾತು ಎತ್ತಿದ್ದು ವೆಬ್‌ಸೈಟಿನ ಥೀಮ್ ವಿಷಯಕ್ಕೆ ಬರಲಿಕ್ಕೆ. ನಮ್ಮ ಕಡೆಯ ಹುಡುಗರು ಈಗ ಮನೆಯಲ್ಲೇ ಕೂತು ಸೈಟ್ ಮಾಡುತ್ತಾರೆ. ಅಂಗಡಿಗೊಂದು, ಶಾಲೆಗೊಂದು, ದೇವಸ್ಥಾನದ ಜಾತ್ರೆಗೊಂದು. ಅವರಲ್ಲಿ ಒಬ್ಬ ನನ್ನ ಹತ್ತಿರ ಬಂದು ಹೇಳಿದ ಮಾತು ಇದು: "ಅಣ್ಣ, ನನ್ನ ಲ್ಯಾಪ್‌ಟಾಪ್‌ನಾಗೆ ಎಲ್ಲಾ ಚೆನ್ನಾಗೇ ಐತೆ. ನೆಟ್ಟಿಗೆ ಹಾಕಿದ್ರೆ ಬಣ್ಣನೂ ಇಲ್ಲ, ಫೋಟೋನೂ ಇಲ್ಲ, ಬರೀ ಅಕ್ಷರ ಸಾಲಾಗಿ ನಿಂತವೆ."

"ನೆಟ್ಟಿನಾಗೆ ಎಲ್ಲಿಗೆ ಹಾಕ್ದೆ ತಮ್ಮಾ, ಡೊಮೇನಿನ ಬುಡಕ್ಕೋ, ಒಳಗಿನ ಒಂದು ಫೋಲ್ಡರಿಗೋ?"

"ಫೋಲ್ಡರಿಗೆ. ಪುಕ್ಕಟೆ ಸಿಗೋದು ಅಲ್ಲೇ ಅಲ್ವಾ."

ಕಾಯಿಲೆ ಅಲ್ಲೇ ಗೊತ್ತಾಯಿತು. ಅವನ ಕೋಡ್‌ನಲ್ಲಿ ತಪ್ಪಿರಲಿಲ್ಲ, ಬಣ್ಣದ ಫೈಲೂ ಫೋಟೋಗಳೂ ಸರ್ವರಿನಲ್ಲಿ ಜೋಪಾನವಾಗಿದ್ದವು. ಅವುಗಳಿಗೆ ಕೊಟ್ಟ ವಿಳಾಸ ಮಾತ್ರ ಅವನ ಲ್ಯಾಪ್‌ಟಾಪಿನಲ್ಲಿ ನಿಂತು ಹೇಳಿದ್ದಾಗಿತ್ತು.

ಥೀಮ್ ಎಂದರೆ ಹಲವು ಸೈಟುಗಳಿಗೆ ತೊಡಿಸಬಹುದಾದ ಉಡುಪು ಎಂದು ಎಲ್ಲರಿಗೂ ಗೊತ್ತು. ಆದರೆ ನನ್ನ ಮನಸ್ಸಿಗೆ ಅದನ್ನು ಸರಿಯಾಗಿ ತೋರಿಸುವುದು ನಮ್ಮ ತಾಲ್ಲೂಕಿನ ಸಾಣೇಹಳ್ಳಿ. ಅಲ್ಲಿ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿಯವರ ಆಸಕ್ತಿಯಿಂದ 1997ರಲ್ಲಿ ಶಿವಸಂಚಾರ ಎಂಬ ನಾಟಕ ತಂಡ ಶುರುವಾಯಿತು. ವರ್ಷ ವರ್ಷ ಹೊಸ ನಾಟಕಗಳನ್ನು ಕಟ್ಟಿಕೊಂಡು ಕಲಾವಿದರು ನಾಡೆಲ್ಲ ತಿರುಗುತ್ತಾರೆ. ಸಾಣೇಹಳ್ಳಿಯ ಬಯಲು ರಂಗಮಂದಿರದಲ್ಲಿ ಮೊದಲು ಆಡಿದ್ದು, ಆಮೇಲೆ ಯಾವುದೋ ಊರಿನ ಸಮುದಾಯ ಭವನದಲ್ಲಿ, ಇನ್ನೆಲ್ಲೋ ಶಾಲೆಯ ಅಂಗಳದಲ್ಲಿ. ತಿರುಗುವ ತಂಡಕ್ಕೆ ನಿರ್ದೇಶಕ "ಮೂಡಲ ಬಾಗಿಲ ಕಡೆ ನಡಿ" ಎಂದು ಹೇಳಿಕೊಡಲಾಗದು. ಆ ಊರಿನ ಭವನದ ಬಾಗಿಲು ಪಡುವಲಿಗಿರಬಹುದು. ಅವನು ಹೇಳುವುದು ರಂಗದ ಎಡ, ರಂಗದ ಬಲ, ಮುಂದೆ, ಹಿಂದೆ. ರಂಗ ಎಲ್ಲಿ ಹಾಕುತ್ತಾರೆ ಎಂಬುದನ್ನು ಆಯಾ ಊರಿನವರು ತೀರ್ಮಾನಿಸುತ್ತಾರೆ, ಉಳಿದ ಹೆಜ್ಜೆಗಳೆಲ್ಲ ರಂಗಕ್ಕೆ ಹೊಂದಿಕೊಂಡು ಬರುತ್ತವೆ. ಬೇಸ್ ಯುಆರ್‌ಎಲ್ ಎಂದರೆ ಆ ರಂಗ ಹಾಕಿದ ಜಾಗ. ಥೀಮ್ ಬರೆಯುವವನಿಗೆ ಅದು ಮುಂಚೆ ಗೊತ್ತಿರಕೂಡದು. ಗೊತ್ತಿದ್ದರೂ ಥೀಮಿನೊಳಗೆ ಬರೆಯಕೂಡದು. ನಾನು ಈ ಹರಟೆಯಲ್ಲಿ ಹಟ ಹಿಡಿದು ಹೇಳುವುದು ಇದೊಂದನ್ನೇ.

ಬ್ರೌಸರ್ ವಿಳಾಸವನ್ನು ಹೇಗೆ ಓದುತ್ತದೆ ಎಂದು ಒಮ್ಮೆ ಸಾವಧಾನವಾಗಿ ನೋಡಿದವರಿಗೆ ಈ ಹಟದ ಕಾರಣ ತಿಳಿಯುತ್ತದೆ. ಪುಟದಲ್ಲಿ ವಿಳಾಸ ಬರೆಯುವ ರೀತಿಗಳು ಮುಖ್ಯವಾಗಿ ಮೂರು. ಪೂರ್ತಿ ವಿಳಾಸ: ಎಚ್‌ಟಿಟಿಪಿಎಸ್‌ನಿಂದ ಹಿಡಿದು ಡೊಮೇನ್, ಫೋಲ್ಡರ್, ಫೈಲ್ ತನಕ. ಸ್ಲ್ಯಾಶ್‌ನಿಂದ ಶುರುವಾಗುವುದು: "/ಚಿತ್ರ/ಬಾಗೂರು" ಎಂದರೆ ಡೊಮೇನಿನ ಬುಡಕ್ಕೆ ಹೋಗಿ ಅಲ್ಲಿಂದ ಚಿತ್ರ ಎಂಬ ಫೋಲ್ಡರ್ ಹುಡುಕು ಎಂದು. ಮೂರನೆಯದು ಸ್ಲ್ಯಾಶ್ ಇಲ್ಲದ್ದು: "ಚಿತ್ರ/ಬಾಗೂರು" ಎಂದರೆ ಈಗ ನಿಂತಿರುವ ಕಡೆಯಿಂದಲೇ ಹುಡುಕು ಎಂದು. ಆ ಹುಡುಗ ಎಲ್ಲವನ್ನೂ ಎರಡನೆಯ ರೀತಿಯಲ್ಲಿ ಬರೆದಿದ್ದ. ಅವನ ಲ್ಯಾಪ್‌ಟಾಪಿನಲ್ಲಿ ಸೈಟೇ ಬುಡವಾಗಿತ್ತು, ಸರಿಹೋಯಿತು. ಪುಕ್ಕಟೆ ಜಾಗದಲ್ಲಿ ಸೈಟು ಇದ್ದದ್ದು "/ಹೊಸದುರ್ಗ/" ಎಂಬ ಫೋಲ್ಡರಿನೊಳಗೆ. ಬ್ರೌಸರ್ ಅದನ್ನು ಬಿಟ್ಟು ನೇರ ಬುಡಕ್ಕೆ ಹೋಗಿ ತಡಕಾಡಿ, ಸಿಗದೆ, ಬರಿಗೈಯಲ್ಲಿ ಬಂತು.

ಹಾಗಾದರೆ ಮೂರನೆಯ ರೀತಿಯೇ ವಾಸಿಯಲ್ಲವೆ ಎಂದು ಕೇಳಬಹುದು. ಒಂದೇ ಪುಟದ ಸೈಟಿಗೆ ವಾಸಿ. ಥೀಮಿಗೆ ಸಾಲದು. ಥೀಮಿನ ತಲೆಭಾಗ ಒಂದೇ, ಅದು ಮುಖಪುಟದಲ್ಲೂ ಬರುತ್ತದೆ, ಮೂರು ಫೋಲ್ಡರ್ ಒಳಗಿರುವ ಪುಟದಲ್ಲೂ ಬರುತ್ತದೆ. "ಈಗ ನಿಂತಿರುವ ಕಡೆಯಿಂದ" ಎಂಬ ಮಾತಿಗೆ ಎರಡು ಕಡೆ ಎರಡು ಅರ್ಥ. ಅದಕ್ಕಿಂತ ಸೂಕ್ಷ್ಮವಾದದ್ದು ಕೊನೆಯ ಸ್ಲ್ಯಾಶ್. ಪುಟದ ವಿಳಾಸ "ತಾಣ/ಹೊಸದುರ್ಗ/" ಎಂದಿದ್ದರೆ "ಚಿತ್ರ/ಬಾಗೂರು" ಹೋಗಿ ಸೇರುವುದು "ತಾಣ/ಹೊಸದುರ್ಗ/ಚಿತ್ರ/ಬಾಗೂರು" ಎಂಬಲ್ಲಿಗೆ. ಕೊನೆಯ ಸ್ಲ್ಯಾಶ್ ಬಿಟ್ಟು "ತಾಣ/ಹೊಸದುರ್ಗ" ಎಂದಿದ್ದರೆ ಬ್ರೌಸರ್ ಹೊಸದುರ್ಗವನ್ನು ಫೋಲ್ಡರ್ ಎಂದು ಎಣಿಸುವುದಿಲ್ಲ, ಫೈಲ್ ಎಂದು ಎಣಿಸಿ ಅದನ್ನು ಕಿತ್ತು ಪಕ್ಕಕ್ಕಿಟ್ಟು "ತಾಣ/ಚಿತ್ರ/ಬಾಗೂರು" ಎಂಬಲ್ಲಿಗೆ ಹೋಗುತ್ತದೆ. ಒಂದು ಓರೆಗೆರೆ ಇಲ್ಲದ್ದಕ್ಕೆ ಇಡೀ ಊರು ವಿಳಾಸದಿಂದ ಜಾರಿಹೋಯಿತು. ಬಾಗೂರಿನ ಚೆನ್ನಕೇಶವ ದೇವಸ್ಥಾನದ ಚಿತ್ರ ಕಾಣದೆ ಓದುಗ ವಾಪಸು ಹೋದ.

ಇದು ಯಾರೋ ಬ್ರೌಸರ್ ಮಾಡಿದವರ ಮನಸ್ಸಿಗೆ ಬಂದಂತೆ ಇಟ್ಟ ನಿಯಮವಲ್ಲ. 1995ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಶಾಖೆಯಲ್ಲಿದ್ದ ರಾಯ್ ಫೀಲ್ಡಿಂಗ್ ಬರೆದ ಆರ್‌ಎಫ್‌ಸಿ 1808 ಎಂಬ ದಸ್ತಾವೇಜು ಈ ವಿಳಾಸ ಜೋಡಿಸುವ ಕ್ರಮವನ್ನು ಬಿಡಿಸಿ ಹೇಳಿತು. 2005ರ ಜನವರಿಯಲ್ಲಿ ಟಿಮ್ ಬರ್ನರ್ಸ್-ಲೀ, ಫೀಲ್ಡಿಂಗ್, ಲ್ಯಾರಿ ಮ್ಯಾಸಿಂಟರ್ ಸೇರಿ ಅದನ್ನು ಆರ್‌ಎಫ್‌ಸಿ 3986 ಎಂಬುದರಲ್ಲಿ ಪರಿಷ್ಕರಿಸಿದರು. ಅದರಲ್ಲಿ ನನಗೆ ಬಹಳ ಹಿಡಿಸಿದ ಭಾಗ ಬೇಸ್ ಎಲ್ಲಿಂದ ಬರುತ್ತದೆ ಎಂಬ ಅನುಕ್ರಮ. ಮೊದಲು ಪುಟದ ಒಳಗೇ ಯಾರಾದರೂ ಬೇಸ್ ಇದು ಎಂದು ಹೇಳಿದ್ದಾರೆಯೇ ನೋಡು. ಇಲ್ಲದಿದ್ದರೆ ಆ ಪುಟವನ್ನು ಹೊತ್ತು ತಂದ ಹೊರಗಿನ ದಸ್ತಾವೇಜನ್ನು ಕೇಳು. ಅದೂ ಇಲ್ಲದಿದ್ದರೆ ಪುಟ ಸಿಕ್ಕಿದ ವಿಳಾಸವನ್ನೇ ಹಿಡಿ. ಯಾವುದೂ ಇಲ್ಲವೆಂದರೆ ಓದುವ ತಂತ್ರಾಂಶ ತನ್ನದೊಂದನ್ನು ಇಟ್ಟುಕೊಳ್ಳಲಿ. ಹೇಳದೆ ಬಿಟ್ಟ ಮಾತನ್ನು ಎಲ್ಲಿ ಹುಡುಕಬೇಕು ಎಂಬುದನ್ನು ಇಷ್ಟು ಅಚ್ಚುಕಟ್ಟಾಗಿ ಬರೆದಿಟ್ಟ ಕಾಗದಗಳು ಕಡಿಮೆ. ಥೀಮ್ ಕೆಲಸ ಕಲಿಯುವವರು ವೀಡಿಯೊ ಎಷ್ಟಾದರೂ ನೋಡಲಿ, ಇದರ ಐದನೆಯ ಅಧ್ಯಾಯವನ್ನು ಒಮ್ಮೆ ಕೂತು ಓದಲೇಬೇಕು.

ಪುಟದೊಳಗೇ ಬೇಸ್ ಹೇಳುವ ಒಂದು ಟ್ಯಾಗ್ ಎಚ್‌ಟಿಎಂಎಲ್‌ನಲ್ಲಿ ಬಹಳ ಹಿಂದಿನಿಂದಲೂ ಇದೆ. ತಲೆಭಾಗದಲ್ಲಿ ಒಮ್ಮೆ ಬರೆದರೆ ಪುಟದ ಎಲ್ಲ ಅರ್ಧ ವಿಳಾಸಗಳೂ ಅದನ್ನೇ ಹಿಡಿಯುತ್ತವೆ. ಸುಲಭ ಎನಿಸುತ್ತದೆ, ಆದರೂ ನಾನು ಥೀಮಿನಲ್ಲಿ ಅದನ್ನು ಬಳಸಬೇಡಿ ಎನ್ನುತ್ತೇನೆ. ಅದೇ ಪುಟದ ಕೆಳಗಿನ ಭಾಗಕ್ಕೆ ಜಿಗಿಯಲು ಹ್ಯಾಶ್ ಹಾಕಿ ಬರೆದ ಲಿಂಕುಗಳೂ ಆ ಬೇಸನ್ನೇ ಹಿಡಿದು, ಓದುತ್ತಿದ್ದವನನ್ನು ಪುಟ ಬಿಡಿಸಿ ಮುಖಪುಟಕ್ಕೆ ಕಳಿಸುತ್ತವೆ. ಸಿಎಸ್‌ಎಸ್ ಫೈಲಂತೂ ಈ ಟ್ಯಾಗಿನ ಮಾತು ಕೇಳುವುದೇ ಇಲ್ಲ. ಅದರೊಳಗೆ ಬರೆದ ಹಿನ್ನೆಲೆ ಚಿತ್ರದ ವಿಳಾಸ ಸಿಎಸ್‌ಎಸ್ ಫೈಲ್ ಇರುವ ಜಾಗದಿಂದ ಲೆಕ್ಕವಾಗುತ್ತದೆ, ಪುಟ ಇರುವ ಜಾಗದಿಂದಲ್ಲ. ಇದು ಥೀಮಿನವನಿಗೆ ಒಳ್ಳೆಯ ಸುದ್ದಿ: ಸಿಎಸ್‌ಎಸ್ ಮತ್ತು ಅದರ ಚಿತ್ರ, ಅಕ್ಷರದ ಫಾಂಟ್ ಎಲ್ಲ ಥೀಮಿನೊಳಗೇ ಒಟ್ಟಿಗೆ ತಿರುಗುವುದರಿಂದ ಅಲ್ಲಿ ಸ್ಲ್ಯಾಶ್ ಇಲ್ಲದ ವಿಳಾಸವೇ ಸರಿ, ಬೇಸ್ ಕೇಳುವ ಅಗತ್ಯವೇ ಇಲ್ಲ. ಜಾವಾಸ್ಕ್ರಿಪ್ಟ್‌ನದು ಇದಕ್ಕೆ ತಿರುಗುಮುರುಗು. ಫೈಲ್ ಥೀಮಿನ ಫೋಲ್ಡರಿನಲ್ಲಿದ್ದರೂ ಅದು ಮಾಹಿತಿ ತರಲು ಹೋಗುವಾಗ ಪುಟದ ಬೇಸನ್ನೇ ಹಿಡಿಯುತ್ತದೆ. ಹಾಗಾಗಿ ಸ್ಕ್ರಿಪ್ಟಿಗೆ ಬೇಸನ್ನು ಟೆಂಪ್ಲೇಟಿನಿಂದ ಕೈಗೆ ಕೊಡಬೇಕು.

ಆ ಹುಡುಗ ಬಳಸಿದ್ದು ಗಿಟ್‌ಹಬ್ ಪೇಜಸ್. 2008ರಲ್ಲಿ ಶುರುವಾದ ಈ ಸೇವೆಯಲ್ಲಿ ಬಳಕೆದಾರನ ಹೆಸರಿನ ಸೈಟು ಒಂದಕ್ಕೆ ಬುಡದಲ್ಲೇ ಜಾಗ. ಉಳಿದ ಪ್ರಾಜೆಕ್ಟುಗಳಿಗೆ ಆಯಾ ಪ್ರಾಜೆಕ್ಟಿನ ಹೆಸರಿನ ಫೋಲ್ಡರ್. ಅದೇ ವರ್ಷ ಟಾಮ್ ಪ್ರೆಸ್ಟನ್-ವರ್ನರ್ ಹೊರತಂದ ಜೆಕಿಲ್ ಎಂಬ ಸಲಕರಣೆಯಲ್ಲಿ ಇದಕ್ಕೆಂದೇ ಎರಡು ಮನೆ ಮಾಡಿದ್ದಾರೆ: ಯುಆರ್‌ಎಲ್ ಎಂಬಲ್ಲಿ ಡೊಮೇನ್, ಬೇಸ್‌ಯುಆರ್‌ಎಲ್ ಎಂಬಲ್ಲಿ ಫೋಲ್ಡರ್. ವರ್ಷಗಟ್ಟಲೆ ಜನ ಎರಡನ್ನೂ ಕೈಯಾರೆ ಅಂಟಿಸುತ್ತಿದ್ದರು. ಒಂದು ಕಡೆ ಎರಡು ಸ್ಲ್ಯಾಶ್, ಇನ್ನೊಂದು ಕಡೆ ಒಂದೂ ಇಲ್ಲ. 2016ರ ಅಕ್ಟೋಬರ್‌ನಲ್ಲಿ ಬಂದ ಜೆಕಿಲ್ 3.3ರಲ್ಲಿ ರಿಲೇಟಿವ್ ಯುಆರ್‌ಎಲ್, ಅಬ್ಸಲ್ಯೂಟ್ ಯುಆರ್‌ಎಲ್ ಎಂಬ ಎರಡು ಫಿಲ್ಟರ್ ಸೇರಿದ ಮೇಲೆ ಅಂಟಿಸುವ ಕೆಲಸ ಜೆಕಿಲ್‌ಗೇ ಹೋಯಿತು. ಥೀಮಿನಲ್ಲಿ ವಿಳಾಸ ಬಂದ ಕಡೆಯೆಲ್ಲ ಮುಂದೆ ಒಂದು ಫಿಲ್ಟರ್ ಇರಬೇಕು, ಬೇರೇನೂ ಬೇಡ. ಆ ಹುಡುಗನ ಥೀಮಿನಲ್ಲೂ ನಾವು ಕೂತು ಮಾಡಿದ್ದು ಅಷ್ಟೇ. ಅವನ ಫೋಟೋಗಳು ಒಂದೊಂದಾಗಿ ಬಂದು ಕೂತವು. ಅದರಲ್ಲೊಂದು 2022ರ ಸೆಪ್ಟೆಂಬರ್‌ನಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿದ್ದಾಗಿನದು. 1933ರ ನಂತರ ಮೊದಲ ಸಲ ಕೋಡಿ ಬಿದ್ದದ್ದು ಆಗಲೇ. ನಮ್ಮ ತಾಲ್ಲೂಕಿನೊಳಗೂ ಹಿನ್ನೀರು ಚಾಚಿಕೊಳ್ಳುವ ಆ ಕಣಿವೆಯ ಇಂಥ ಚಿತ್ರಗಳು ಕಾಣದೆ ಹೋಗುವುದಕ್ಕೆ ಒಂದು ಸ್ಲ್ಯಾಶ್ ಕಾರಣವಾಗಬಾರದು ಎಂದು ನನಗೆ ನಿಜವಾಗಿಯೂ ಅನಿಸುತ್ತದೆ.

ಜೆಕಿಲ್‌ನಂಥದೇ ಇನ್ನೊಂದು ಸಲಕರಣೆ ಹ್ಯೂಗೊ ಬಳಸುವವರಿಗೆ ಪದ್ಧತಿ ಬೇರೆ. ಜೆಕಿಲ್‌ನ ಬೇಸ್‌ಯುಆರ್‌ಎಲ್‌ಗೆ ಮುಂದೆ ಸ್ಲ್ಯಾಶ್ ಬೇಕು, ಕೊನೆಗೆ ಬೇಡ. ಹ್ಯೂಗೊದ ಬೇಸ್‌ಯುಆರ್‌ಎಲ್‌ನಲ್ಲಿ ಡೊಮೇನೂ ಫೋಲ್ಡರೂ ಒಟ್ಟಿಗೆ, ಕೊನೆಗೆ ಸ್ಲ್ಯಾಶ್ ಇರಲೇಬೇಕು. ಅಲ್ಲದೆ ಹ್ಯೂಗೊದ ರೆಲ್‌ಯುಆರ್‌ಎಲ್ ಎಂಬ ಸಹಾಯಕನಿಗೆ ನೀವು ಸ್ಲ್ಯಾಶ್‌ನಿಂದ ಶುರುವಾಗುವ ವಿಳಾಸ ಕೊಟ್ಟರೆ ಅದು ಫೋಲ್ಡರನ್ನು ಸೇರಿಸುವುದಿಲ್ಲ. ನೀವೇ ಬುಡದಿಂದ ಹೇಳಿದ್ದೀರಿ ಎಂದುಕೊಂಡು ಹಾಗೇ ಬಿಡುತ್ತದೆ. ಜೆಕಿಲ್‌ನಿಂದ ಹ್ಯೂಗೊಗೆ ಥೀಮ್ ಸಾಗಿಸುವವರು ಎಡವುವ ಕಲ್ಲು ಇದೇ.

ಇನ್ನು ವರ್ಡ್‌ಪ್ರೆಸ್. ನಮ್ಮ ಸೀಮೆಯಲ್ಲಿ ದುಡ್ಡು ಕೊಟ್ಟು ಮಾಡಿಸುವ ಸೈಟು ಎಂದರೆ ಬಹುಮಟ್ಟಿಗೆ ಅದೇ. ಅಲ್ಲಿ ಬೇಸ್ ಇರುವುದು ಫೈಲಿನಲ್ಲಲ್ಲ, ಡೇಟಾಬೇಸಿನಲ್ಲಿ: ಸೈಟ್‌ಯುಆರ್‌ಎಲ್ ಒಂದು, ಹೋಮ್ ಇನ್ನೊಂದು. ವರ್ಡ್‌ಪ್ರೆಸ್‌ನ ಫೈಲುಗಳು ಎಲ್ಲಿವೆ ಎಂಬುದು ಮೊದಲನೆಯದು, ಓದುಗ ಯಾವ ವಿಳಾಸಕ್ಕೆ ಬರುತ್ತಾನೆ ಎಂಬುದು ಎರಡನೆಯದು. ಎರಡೂ ಒಂದೇ ಆಗಿರಬೇಕೆಂದಿಲ್ಲ. ಥೀಮ್ ಬರೆಯುವವನು ಇವನ್ನು ನೇರವಾಗಿ ಮುಟ್ಟಬಾರದು, ಕೇಳಿ ಪಡೆಯಬೇಕು. ಅದಕ್ಕೆ ಫಂಕ್ಷನ್‌ಗಳಿವೆ. ಮೂಲ ಥೀಮಿನ ಫೋಲ್ಡರ್ ಬೇಕಾದರೆ ಟೆಂಪ್ಲೇಟ್ ಡೈರೆಕ್ಟರಿಯ ಹೆಸರಿನದು. ಅದರ ಮೇಲೆ ಕಟ್ಟಿದ ಮರಿ ಥೀಮಿನ ಫೋಲ್ಡರ್ ಬೇಕಾದರೆ ಸ್ಟೈಲ್‌ಶೀಟ್ ಡೈರೆಕ್ಟರಿಯ ಹೆಸರಿನದು. ಒಂದರ ಜಾಗದಲ್ಲಿ ಇನ್ನೊಂದು ಬರೆದರೆ ಮರಿ ಥೀಮ್ ಹಾಕಿದ ದಿನದ ತನಕ ಏನೂ ಗೊತ್ತಾಗುವುದಿಲ್ಲ, ಹಾಕಿದ ದಿನ ಚಿತ್ರಗಳು ಮಾಯ.

ವರ್ಡ್‌ಪ್ರೆಸ್ ಸೈಟನ್ನು ಲ್ಯಾಪ್‌ಟಾಪಿನ ಲೋಕಲ್‌ಹೋಸ್ಟಿನಿಂದ ನಿಜವಾದ ಡೊಮೇನಿಗೆ ಸಾಗಿಸುವುದು ಇನ್ನೂ ನಾಜೂಕಿನ ಕೆಲಸ, ಇಲ್ಲಿ ಸ್ವಲ್ಪ ನಿಲ್ಲಬೇಕು. ಡೇಟಾಬೇಸನ್ನು ಎಡಿಟರಿನಲ್ಲಿ ತೆಗೆದು ಹಳೇ ವಿಳಾಸ ಇರುವ ಕಡೆಯೆಲ್ಲ ಹೊಸದನ್ನು ಹಾಕಿಬಿಟ್ಟರೆ ಆಯಿತು ಎಂದು ಎಷ್ಟೋ ಜನ ಮಾಡುತ್ತಾರೆ. ಆದರೆ ವರ್ಡ್‌ಪ್ರೆಸ್ ಥೀಮಿನ ಆಯ್ಕೆಗಳನ್ನೂ ವಿಜೆಟ್‌ಗಳನ್ನೂ ಒಟ್ಟುಗೂಡಿಸಿ ಇಡುವಾಗ ಪ್ರತಿ ಪದಪುಂಜದ ಮುಂದೆ ಅದರ ಉದ್ದವನ್ನೂ ಬರೆದಿಡುತ್ತದೆ. ಹಳೇ ವಿಳಾಸ 26 ಅಕ್ಷರದ್ದಾಗಿದ್ದರೆ ಮುಂದೆ 26 ಎಂದಿರುತ್ತದೆ. ನೀವು 22 ಅಕ್ಷರದ ಹೊಸ ವಿಳಾಸ ತುರುಕಿದರೂ ಮುಂದಿನ ಅಂಕಿ 26 ಎಂದೇ ಉಳಿಯುತ್ತದೆ. ಪಿಎಚ್‌ಪಿ ಲೆಕ್ಕ ಹಾಕಿ ನೋಡಿ, ತಾಳೆಯಾಗದೆ, ಇಡೀ ಗಂಟನ್ನೇ ಬಿಚ್ಚದೆ ಎಸೆಯುತ್ತದೆ. ಲೋಗೋ ಹೋಯಿತು, ಬಣ್ಣ ಹೋಯಿತು, ಪಕ್ಕದ ಪಟ್ಟಿ ಖಾಲಿ. ವಿಳಾಸ ಬದಲಿಸುವಾಗ ಆ ಉದ್ದವನ್ನೂ ತಿದ್ದುವ ಸಲಕರಣೆ ಬೇಕು. ಡಬ್ಲ್ಯುಪಿ-ಸಿಎಲ್‌ಐಯಲ್ಲಿ ಸರ್ಚ್-ರಿಪ್ಲೇಸ್ ಎಂಬ ಆಜ್ಞೆ ಅದನ್ನು ಸರಿಯಾಗಿ ಮಾಡುತ್ತದೆ. ಬದಲಿಸುವ ಮುಂಚೆ ಏನೇನು ಬದಲಾಗಲಿದೆ ಎಂದು ಬರೀ ತೋರಿಸುವ ವ್ಯವಸ್ಥೆಯೂ ಅದರಲ್ಲಿದೆ, ಮೊದಲು ಅದನ್ನೇ ಓಡಿಸಿ ನೋಡುವುದು ಕ್ಷೇಮ.

ಡೊಮೇನ್ ಬದಲಾಗದೆಯೂ ಬೇಸ್ ಬದಲಾಗಬಹುದು ಎಂಬುದನ್ನು ನಮಗೆ ಕಲಿಸಿದ್ದು ಎಚ್‌ಟಿಟಿಪಿಎಸ್. 2015ರ ಡಿಸೆಂಬರ್‌ನಲ್ಲಿ ಲೆಟ್ಸ್ ಎನ್‌ಕ್ರಿಪ್ಟ್ ಎಲ್ಲರಿಗೂ ಪುಕ್ಕಟೆ ಪ್ರಮಾಣಪತ್ರ ಕೊಡಲು ಶುರುಮಾಡಿತು. 2018ರ ಜುಲೈನಲ್ಲಿ ಬಂದ ಕ್ರೋಮ್ 68 ಹಳೇ ಎಚ್‌ಟಿಟಿಪಿ ಸೈಟುಗಳಿಗೆಲ್ಲ ಸುರಕ್ಷಿತವಲ್ಲ ಎಂಬ ಚೀಟಿ ಅಂಟಿಸಿತು. ಎಲ್ಲರೂ ಎದ್ದುಬಿದ್ದು ಬದಲಾಯಿಸಿದರು. ಥೀಮಿನೊಳಗೆ ಎಚ್‌ಟಿಟಿಪಿ ಎಂದೇ ಗಟ್ಟಿಯಾಗಿ ಬರೆದಿದ್ದ ಸಿಎಸ್‌ಎಸ್, ಸ್ಕ್ರಿಪ್ಟುಗಳನ್ನು ಬ್ರೌಸರ್ ಒಳಗೇ ಬಿಡಲಿಲ್ಲ. ಒಂದೇ ಒಂದು ಎಸ್ ಸೇರಿದ್ದಕ್ಕೆ ಸೈಟು ಬೋಳಾಯಿತು. ಬೇಸನ್ನು ಒಂದೇ ಕಡೆ ಇಟ್ಟವರು ಆ ಒಂದು ಸಾಲು ತಿದ್ದಿ ಮುಗಿಸಿದರು.

ಸರ್ಕಾರದ ಕಡೆಯಿಂದ ಒಂದು ಒಳ್ಳೆಯ ಉದಾಹರಣೆ ನಮ್ಮ ಕಣ್ಣೆದುರೇ ಇದೆ. ಚಿತ್ರದುರ್ಗ ಜಿಲ್ಲಾಡಳಿತದ ತಾಣ ಎನ್‌ಐಸಿಯ ಎಸ್3ವಾಸ್ ಎಂಬ ವ್ಯವಸ್ಥೆಯ ಮೇಲೆ ನಿಂತಿದೆ. ದೇಶದ ಜಿಲ್ಲೆ ಜಿಲ್ಲೆಗಳ ತಾಣಗಳು ಅಲ್ಲೇ ತಯಾರಾಗುತ್ತವೆ. ಬೇರೆ ಜಿಲ್ಲೆಯ ತಾಣ ತೆರೆದು ನೋಡಿ, ಅಂಗಸೌಷ್ಠವ ಅದೇ, ಹೆಸರು, ಚಿತ್ರ, ಭಾಷೆ ಮಾತ್ರ ಬೇರೆ. ಫೋಟೋಗಳು ಒಂದು ಸಾಮಾನ್ಯ ಸರ್ವರಿನಿಂದ ಬರುತ್ತವೆ, ಇಂಗ್ಲಿಷ್ ಪುಟಗಳು ಡೊಮೇನಿನ ಒಳಗೆ ತಮ್ಮದೇ ಒಂದು ಫೋಲ್ಡರಿನಲ್ಲಿ ಇರುತ್ತವೆ. ಎಂದರೆ ಭಾಷೆಯೂ ಬೇಸಿನ ಒಂದು ಪದರ. ಎರಡು ಭಾಷೆಯ ಥೀಮ್ ಬರೆಯುವವರು ಇದನ್ನು ಮರೆಯುವುದು ಸಾಮಾನ್ಯ. ಕನ್ನಡ ಪುಟದಲ್ಲಿ ಮೆನು ಒತ್ತಿದವನು ಇಂಗ್ಲಿಷಿಗೆ ಹೋಗಿ ಬೀಳುತ್ತಾನೆ. ಕನ್ನಡ ಓದಲು ಬಂದವನನ್ನು ಹೀಗೆ ಕಳೆದುಕೊಳ್ಳುವುದು ನನಗೆ ಉಳಿದೆಲ್ಲ ತೊಡಕಿಗಿಂತ ಹೆಚ್ಚು ನೋವಿನದು.

ಕನ್ನಡದ ವಿಳಾಸಗಳದ್ದೇ ಇನ್ನೊಂದು ಮಾತಿದೆ. ಪುಟದ ಹೆಸರು ಹೊಸದುರ್ಗ ಎಂದು ಕನ್ನಡದಲ್ಲೇ ಇಟ್ಟರೆ ಬ್ರೌಸರಿನ ಪಟ್ಟಿಯಲ್ಲಿ ಚಂದವಾಗಿ ಕಾಣುತ್ತದೆ. ಒಳಗೆ ಅದು ಎಂಟು ಸಂಕೇತ, ತಲಾ 3 ಬೈಟು, ಪ್ರತಿ ಬೈಟಿಗೆ ಶೇಕಡಾ ಚಿಹ್ನೆ ಸಮೇತ ಮೂರು ಅಕ್ಷರ, ಒಟ್ಟು 72. ಫೋಲ್ಡರಿನ ಹೆಸರೂ ಕನ್ನಡ, ಪುಟದ ಹೆಸರೂ ಕನ್ನಡ ಎಂದರೆ ವಾಟ್ಸಾಪಿನಲ್ಲಿ ಅಂಟಿಸಿದ ಲಿಂಕ್ ಪರದೆ ತುಂಬುತ್ತದೆ. ಆದರೂ ಪುಟದ ಹೆಸರು ಕನ್ನಡದಲ್ಲಿರಲಿ ಎನ್ನುವ ಪಕ್ಷ ನನ್ನದು. ಬೇಸಿನ ಫೋಲ್ಡರ್ ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕದಾಗಿರಲಿ. ಕಾರಣ, ಕಾನ್ಫಿಗ್ ಫೈಲಿನಲ್ಲಿ ಕನ್ನಡ, ಸರ್ವರಿನಲ್ಲಿ ಶೇಕಡಾ ಚಿಹ್ನೆಯ ರೂಪ ಎಂದಾದರೆ ಕೆಲವು ಸಲಕರಣೆಗಳು ಎರಡನ್ನೂ ಬೇರೆ ಬೇರೆ ಎಂದು ತಿಳಿಯುತ್ತವೆ, ಕೆಲವು ಒಮ್ಮೆ ಬದಲಾದದ್ದನ್ನೇ ಮತ್ತೊಮ್ಮೆ ಬದಲಾಯಿಸುತ್ತವೆ.

ಪೂರ್ತಿ ವಿಳಾಸ ಬೇಡವೇ ಬೇಡ ಎಂದೇನೂ ಅಲ್ಲ. ಪುಟ ಊರು ಬಿಟ್ಟು ಹೊರಡುವ ಜಾಗಗಳಲ್ಲಿ ಅದು ಬೇಕೇ ಬೇಕು: ಆರ್‌ಎಸ್‌ಎಸ್ ಫೀಡ್, ಸೈಟ್‌ಮ್ಯಾಪ್, ಸರ್ಚ್ ಎಂಜಿನ್ನಿಗೆ ಮೂಲ ಪುಟ ಇದು ಎಂದು ಹೇಳುವ ಕೆನಾನಿಕಲ್ ಲಿಂಕ್, ಫೇಸ್‌ಬುಕ್ಕಿನಲ್ಲಿ ಹಂಚಿದಾಗ ಕಾಣುವ ಚಿತ್ರ, ಇಮೇಲ್. ಅಲ್ಲಿ ಓದುಗ ಎಲ್ಲಿ ನಿಂತಿದ್ದಾನೋ ನಮಗೆ ತಿಳಿಯದು. ಅಲ್ಲೂ ಡೊಮೇನನ್ನು ಕೈಯಾರೆ ಬರೆಯದೆ ಅದೇ ಒಂದು ಮನೆಯಿಂದ ತೆಗೆದುಕೊಳ್ಳಬೇಕು.

ಪರೀಕ್ಷೆ ಮಾಡುವ ಬಗೆ ಸರಳ. ಥೀಮ್ ಕೆಲಸ ಶುರುಮಾಡಿದ ದಿನವೇ ಬೇಸಿಗೆ ಒಂದು ಸುಳ್ಳು ಫೋಲ್ಡರ್ ಕೊಡಿ, ಸೈಟು ಕೊನೆಗೆ ಬುಡದಲ್ಲೇ ಇರುವುದಾದರೂ ಸರಿ. ಜೆಕಿಲ್‌ನಲ್ಲಿ ಆಗ ನಿಮ್ಮ ಲ್ಯಾಪ್‌ಟಾಪಿನ 4000ನೇ ಪೋರ್ಟಿನಲ್ಲೂ ಆ ಫೋಲ್ಡರಿನ ಒಳಗೇ ಸೈಟು ತೆರೆದುಕೊಳ್ಳುತ್ತದೆ. ಹ್ಯೂಗೊದಲ್ಲಿ 1313ರಲ್ಲೂ ಹಾಗೇ. ತೊಂದರೆ ಬೇಡವೆಂದು ಬೇಸನ್ನು ಖಾಲಿ ಮಾಡಿಕೊಂಡು ಓಡಿಸುವವರು ಸಿಗಬೇಕಾಗಿದ್ದ ತಪ್ಪುಗಳನ್ನು ಮುಚ್ಚಿಟ್ಟುಕೊಳ್ಳುತ್ತಾರೆ. ಮುಖಪುಟ ಮಾತ್ರ ನೋಡಿ ಏಳಬೇಡಿ, ಎಲ್ಲಕ್ಕಿಂತ ಒಳಗಿರುವ ಪುಟ ತೆರೆಯಿರಿ, ಎರಡನೇ ಪುಟಕ್ಕೆ ಹೋಗುವ ಬಟನ್ ಒತ್ತಿ, ಇಲ್ಲದ ವಿಳಾಸ ಹಾಕಿ 404 ಪುಟ ಬರಿಸಿ. ಆ 404 ಪುಟ ಎಷ್ಟು ಆಳದ ವಿಳಾಸದಲ್ಲಿ ಬೇಕಾದರೂ ಕಾಣಿಸಿಕೊಳ್ಳಬಹುದಾದ್ದರಿಂದ ಬೇಸ್ ತಪ್ಪಿದ್ದರೆ ಮೊದಲು ಬಾಯಿಬಿಡುವುದು ಅದೇ.

ಆ ಹುಡುಗ ಈಗ ಸ್ವಂತ ಡೊಮೇನ್ ಕೊಳ್ಳುವ ಆಲೋಚನೆಯಲ್ಲಿದ್ದಾನೆ. ಹಳೇ ಪುಕ್ಕಟೆ ವಿಳಾಸವನ್ನು ಅಳಿಸಬೇಡ, ಗಿಟ್‌ಹಬ್‌ನ ಸೆಟ್ಟಿಂಗಿನಲ್ಲಿ ಹೊಸ ಡೊಮೇನ್ ಬರೆದರೆ ಹಳೆಯದಕ್ಕೆ ಬಂದವರನ್ನು ಅದೇ ಹೊಸದಕ್ಕೆ ಕಳಿಸುತ್ತದೆ, ಕಾನ್ಫಿಗ್‌ನಲ್ಲಿ ಬೇಸ್‌ಯುಆರ್‌ಎಲ್ ಖಾಲಿ ಮಾಡು, ಯುಆರ್‌ಎಲ್ ಬದಲಿಸು ಎಂದು ಹೇಳಿ ಕಳಿಸಿದ್ದೇನೆ. ಥೀಮಿನ ಒಂದು ಫೈಲನ್ನೂ ಅವನು ತೆರೆಯಬೇಕಾಗಿಲ್ಲ.